ಪೇತ್ರಣ್ಣನ ಹೋಟೆಲಿನ ಬೆಂಚು

ಪಾಲಿಬೆಟ್ಟದ ಕಡೆ ಕರೆಂಟು ದೊರೆ ಬಂಗಲೆಗೆ ಮಾತ್ರ ಇದ್ದ ಕಾಲ ಅದು. ನಾವು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದೆವು. ಸಂತೆ ದಿನ ಅಪ್ಪನಿಗೆ ಸಂಬಳ, ಅವತ್ತು ನಮಗೆ ಹೋಟೆಲ್ ಕಾಫಿ. ನಮ್ಮ ಜಾತಿಯವರಿಗೆ ಹೋಟೆಲ್ ಕಾಫಿ ಅಂದರೆ ಹಿಂಬಾಗಿಲಲ್ಲಿ ನಿಂತು, ಬೇಲಿಗೆ ಸಿಕ್ಕಿಸಿದ ತೆಂಗಿನ ಚಿಪ್ಪನ್ನು ನಾವೇ ತೊಳೆದುಕೊಂಡು, ಮೇಲಿನಿಂದ ಹುಯ್ಯಿಸಿಕೊಳ್ಳುವುದು. ಕಾಫಿ ಹಣ್ಣು ಕೊಯ್ಯುವ ಕೈ ನಮ್ಮದೇ. ಲೋಟ ಮಾತ್ರ ಮುಟ್ಟಬಾರದು.

ಪೇತ್ರಣ್ಣ ಹೋಟೆಲ್ ಇಟ್ಟ ಮೇಲೆ ಅದು ತಪ್ಪಿತು. ಅವನು ಇಟಲಿಯವನು. ನಿಜವಾದ ಹೆಸರು ಪಿಯೆತ್ರೋ ಅಂತ ಏನೋ, ನಮ್ಮ ಬಾಯಿಗೆ ಬರಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕಿ ಬೆಂಗಳೂರಿನ ಕ್ಯಾಂಪಿನಲ್ಲಿದ್ದನಂತೆ. ಬಿಟ್ಟ ಮೇಲೆ ಊರಿಗೆ ಹೋಗಲಿಲ್ಲ, ಅಲ್ಲಿ ತನ್ನವರು ಯಾರೂ ಉಳಿದಿಲ್ಲ ಅನ್ನುತ್ತಿದ್ದ. ಒಬ್ಬ ದೊರೆಯ ಬಂಗಲೆಗೆ ಅಡುಗೆಯವನಾಗಿ ಬಂದ. ದೊರೆ ವಿಲಾಯಿತಿಗೆ ಹೊರಟಾಗ ಇವನು ಸಂತೆ ಬೀದಿಯಲ್ಲಿ ಜಾಗ ಹಿಡಿದು ಉದ್ದುದ್ದ ಬೆಂಚು ಹಾಕಿದ. ಚಿಪ್ಪು ಇಲ್ಲ, ಹಿಂಬಾಗಿಲೂ ಇಲ್ಲ. ಖಾಲಿ ಇದ್ದಲ್ಲಿ ಯಾರು ಬೇಕಾದರೂ ಕೂರಬಹುದು.

ಅವನಿಗೆ ಮೈದಾ ಹಿಟ್ಟಿನಲ್ಲಿ ತನ್ನ ಊರಿನ ಶಾವಿಗೆ ಮಾಡುವ ಹುಚ್ಚು. ಒತ್ತುವುದಕ್ಕೆ ನಮ್ಮವ್ವನ ಶಾವಿಗೆ ಒರಳು ಒಯ್ದಿದ್ದ. ಹಿಟ್ಟು ಎಷ್ಟು ಗಟ್ಟಿ ಅಂದರೆ ಅವನೂ ಅವ್ವನೂ ಇಬ್ಬರೂ ಹಿಡಿಗೆ ಜೋತುಬೀಳಬೇಕು. ಇದನ್ನು ತಿಂದರೆ ಎಮ್ಮೆ ಕಟ್ಟುವ ಹಗ್ಗ ನುಂಗಿದ ಹಾಗೆ ಅಂತ ಅವ್ವ ರೇಗಿಸುತ್ತಿದ್ದಳು. ಹಂದಿ ಕೊಬ್ಬಿನಲ್ಲಿ ಬೆಳ್ಳುಳ್ಳಿ ಕರಿದು, ನಮ್ಮ ಲೈನಿನ ಹಿತ್ತಲಲ್ಲಿ ತಾನೇ ಹುಟ್ಟುವ ಗೋಲಿಯಷ್ಟು ಟೊಮೆಟೊ ಹಿಸುಕಿ ಗೊಜ್ಜು ಮಾಡುತ್ತಿದ್ದ. ಆ ವಾಸನೆ ಬಂದರೆ ನಾವು ಅಳಗುಳಿ ಆಟ ಬಿಟ್ಟು ಓಡುತ್ತಿದ್ದೆವು.

ಕಾಫಿ ಕೊಯ್ಯುವ ಪಿಕಿಂಗ್ ಕಾಲದ ಒಂದು ಸಂತೆ ದಿನ ಅಪ್ಪ, ಅವ್ವ, ನಾನು ಬೆಂಚಿನಲ್ಲಿ ಕೂತು ತಿನ್ನುತ್ತಿದ್ದೆವು. ನಮ್ಮ ಎಸ್ಟೇಟಿನ ರೈಟರು ಬಂದರು. ನಮ್ಮ ಕೆಲಸ, ನಮ್ಮ ಮನೆ ಎಲ್ಲ ಅವರ ಕೈಯಲ್ಲಿ. ಜಾಗ ಇದ್ದದ್ದು ಅಪ್ಪನ ಪಕ್ಕ ಮಾತ್ರ.

“ಮಾದ, ಏಳು,” ಅಂದರು. ಗದರಲೂ ಇಲ್ಲ. ಎಲೆ ಅಡಿಕೆ ಕೇಳುವ ಹಾಗೆ ಅಂದರು.

ಪೇತ್ರಣ್ಣ ಒಲೆ ಬಿಟ್ಟು ಬಂದ. “ಕೂರು ಮಾದಣ್ಣ. ರೈಟರಣ್ಣ, ನೀನೂ ಕೂರು. ಬೆಂಚು ಉದ್ದ ಉಂಟು.” ಲೈನಿನವರ ಹತ್ತಿರ ಮಾತು ಕಲಿತವನು, ಅವನಿಗೆ ಎಲ್ಲರೂ ಅಣ್ಣಂದಿರೇ.

ಅಪ್ಪ ಎದ್ದ. ತಟ್ಟೆ ಹಿಡಿದು ರಸ್ತೆಗೆ ಹೋಗಿ ನಿಂತ. ನಾವೂ ಹಿಂದೆ ಹೋದೆವು. ಪೇತ್ರಣ್ಣ ತನಗೂ ಒಂದು ತಟ್ಟೆ ಹಾಕಿಕೊಂಡು ಬಂದು, ಅಪ್ಪನ ಪಕ್ಕ ನಿಂತು ತಿಂದ. ಸಂತೆಯ ಜನ ಎಲ್ಲ ನೋಡಿದರು. ಅಪ್ಪ ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಬಿಡಲಿಲ್ಲ. “ಕೂತಿದ್ರೆ ಏನಾಗ್ತಿತ್ತು?”

“ನಾಳೆ ಈ ಸೂರು ಇರ್ತಿರ್ಲಿಲ್ಲ.”

“ಆ ಬಿಳಿಯನಿಗಿರೋ ಮಾನ ನಿಂಗಿಲ್ವಾ?”

“ಅವನಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಒಂಟಿ ಜೀವಕ್ಕೆ ಮಾನ ಅಗ್ಗ ಕಣೆ.”

ನನಗೆ ಆ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಹಾಜರಿ ಕೂಗುವಾಗ ರೈಟರು, ಆ ಹೋಟೆಲಿಗೆ ಕಾಲಿಟ್ಟವರು ತೋಟಕ್ಕೆ ಬರಬೇಡಿ ಅಂದರು. ಲೈನಿನವರು ಅಲ್ಲಿಗೆ ಹೋಗುವುದು ನಿಲ್ಲಿಸಿದರು. ತೋಟದ ಸಾಹುಕಾರರು, ಅಂಗಡಿಯವರು ನಮ್ಮ ಜೊತೆ ಒಂದೇ ಬೆಂಚು ಅಂತ ಆಗಲೇ ಬಿಟ್ಟಿದ್ದರು. ಊರಿನ ದೊಡ್ಡವರು ಪೇತ್ರಣ್ಣನಿಗೆ ಬುದ್ಧಿ ಹೇಳಲು ಹೋದರು: ಹಿಂದೆ ಒಂದು ಚಪ್ಪರ ಹಾಕಿ ಚಿಪ್ಪು ಇಟ್ಟುಬಿಡು, ಎಲ್ಲ ಸರಿಹೋಗುತ್ತದೆ. ಅವನು ಇಡಲಿಲ್ಲ. ದಿನಾ ಅಡುಗೆ ಮಾಡಿ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾವು ಆಚೆ ಮುಖ ಮಾಡಿಕೊಂಡು ನಡೆಯುತ್ತಿದ್ದೆವು.

ಮಳೆ ಹಿಡಿಯುವ ಹೊತ್ತಿಗೆ ಬಾಗಿಲು ಹಾಕಿ, ಲಾರಿ ಹತ್ತಿ ಮೈಸೂರಿಗೆ ಹೋದ. ಒರಳನ್ನು ತೊಳೆದು, ಎಣ್ಣೆ ಸವರಿ, ಅವ್ವನ ಕೈಗೆ ಕೊಟ್ಟು ಹೋದ. ಅಪ್ಪ ಇರುವಷ್ಟು ಕಾಲ ಅವ್ವ ಅದರಲ್ಲಿ ಶಾವಿಗೆ ಒತ್ತಲಿಲ್ಲ.

ಈಗ ಹೋಂಸ್ಟೇ ಇಟ್ಟವರು ಪ್ರವಾಸಿಗಳಿಗೆ ಹೇಳುತ್ತಾರೆ, ನಮ್ಮೂರಲ್ಲೂ ಒಬ್ಬ ಇಟಲಿಯವನಿದ್ದ, ಮನೆಯವನ ಹಾಗೆ ನೋಡಿಕೊಂಡೆವು ಅಂತ. ಶುದ್ಧ ಸುಳ್ಳು. ಈಗ ಯಾವ ಹೋಟೆಲಿನಲ್ಲೂ ನನ್ನನ್ನು ಏಳು ಅನ್ನುವವರಿಲ್ಲ, ಕಾನೂನು ಇದೆ, ಒಪ್ಪುತ್ತೇನೆ. ಆದರೆ ಎಬ್ಬಿಸಿಕೊಂಡವನ ಜೊತೆ ಹೊರಗೆ ಬಂದು ನಿಂತು ಉಣ್ಣುವವನನ್ನು ಈ ವಯಸ್ಸಿನ ತನಕ ಮತ್ತೆ ಕಾಣಲಿಲ್ಲ. ಒಬ್ಬನಿದ್ದ. ಅವನನ್ನು ಓಡಿಸಿದೆವು, ನಮ್ಮಪ್ಪನೂ ಸೇರಿ.