ಪೆರು ದೇಶದ ನೂಲಿಗೆ ಹುಣಸೆ ಬೀಜದ ಗಂಜಿ

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಮಗ್ಗದ ಮೇಲೆ ಕೂತಾಗ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಉತ್ತರ ಕರ್ನಾಟಕದ ನಮ್ಮ ಓಣಿಯಲ್ಲಿ ಅಪ್ಪ ಕಂಬಳಿ ನೇಯುತ್ತಿದ್ದ, ಅವನ ಬಳಿಕ ನಾನು. ಕಂಬಳಿ ಕೇಳುವವರು ಇಲ್ಲವಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದೆ. ಅವಳು ಡೊಂಬಿವಲಿಯ ಪೋಳಿ-ಭಾಜಿ ಕೇಂದ್ರದಲ್ಲಿ ಚಪಾತಿ ಲಟ್ಟಿಸಲು ನಿಂತಳು. ನಾನು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಚಾದರ, ಪರದೆ ಮಾಡುವ ಕಾರ್ಖಾನೆ ಸೇರಿದೆ, ಪ್ಯಾಕಿಂಗಿಗೆ. ಹನ್ನೊಂದು ವರ್ಷ ಬೇರೆಯವರು ನೇಯ್ದದ್ದನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ.

ಕಾರ್ಖಾನೆಯ ಮಾಳಿಗೆಯಲ್ಲಿ ನಮೂನೆ ನೇಯಲೆಂದು ಒಂದು ಕೈಮಗ್ಗವಿತ್ತು. ಅದರ ನೇಕಾರ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮಧ್ಯಾಹ್ನ ನಾನು ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಊಟಕ್ಕಲ್ಲ, ಮಗ್ಗದ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕೂಡಲು. ಒಂದು ದಿನ ಕಾರ್ಖಾನೆಯ ಒಡತಿ ನೋಡಿಬಿಟ್ಟರು. ಅವರು ಉಡುಪಿ ಕಡೆಯವರು.

"ನಿಮ್ಗೆ ನೇಯ್ಲಿಕ್ಕೆ ಬರ್ತದಾ?"

"ಬರತೈತ್ರಿ ಮೇಡಂ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ಲವಲ್ಲ ಮಾರಾಯ್ರೆ."

"ನೀವು ಕೇಳಲಿಲ್ಲರಿ."

ಮುಂದಿನ ವಾರ ಅವರು ಒಂದು ಪೆಟ್ಟಿಗೆ ತಂದಿಟ್ಟರು. ಪೆರು ದೇಶದ ಆಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯ ನೂಲು. ಚಿತ್ರವನ್ನೂ ತೋರಿಸಿದರು, ಕುರಿಗೆ ಒಂಟೆಯ ಕತ್ತು ಇಟ್ಟ ಹಾಗಿತ್ತು. ನೂಲು ಒಂದೇ ಕಂಬಳಿಗೆ ಆಗುವಷ್ಟು. "ಹೊರಗಿನ ಗಿರಾಕಿಗೆ ಈ ನಮೂನೆ ಹಿಡಿಸಿದ್ರೆ ನೀವು ಪ್ಯಾಕಿಂಗ್ ಬಿಡಿ, ಇಲ್ಲೇ ಕೂತ್ಕೊಳ್ಳಿ" ಎಂದು ಹೇಳಿ ಅವರು ನಾಲ್ಕು ದಿನ ಪರ ಊರಿಗೆ ಹೋದರು. ಆ ಮಗ್ಗ ನನ್ನದಾಗಬೇಕು ಎಂಬ ಆಸೆ ನನಗೆ ಹತ್ತಿದ್ದು ಅವತ್ತೇ.

ನೂಲನ್ನು ಉದ್ದುದ್ದ ಎಳೆಗಳಾಗಿ ಹೂಡಿ ಹಾಸು ಕಟ್ಟಿದೆ. ಕಟ್ಟಿದ ಮೇಲೆ ನಮ್ಮಲ್ಲಿ ಮಾಡುವಂತೆ ಹುಣಸೆ ಬೀಜ ಕುಟ್ಟಿ, ಕುದಿಸಿ, ಆ ಗಂಜಿಯನ್ನು ಬ್ರಷ್ಷಿನಿಂದ ಎಳೆಗಳಿಗೆಲ್ಲ ಬಳಿದೆ. ಗಂಜಿ ಕುಡಿಸದ ಹಾಸನ್ನು ಅಪ್ಪ ಮಗ್ಗಕ್ಕೆ ಹತ್ತಿಸಿದ್ದನ್ನು ನಾನು ಕಂಡಿಲ್ಲ. ಒಣಗಿದ ಮೇಲೆ ನೋಡಿದರೆ ಬೆಣ್ಣೆಯಂಥ ನೂಲು ತೆಂಗಿನ ನಾರಾಗಿತ್ತು. ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಮಗ್ಗದ ಮೆಟ್ಟು ತುಳಿದಾಗಲೆಲ್ಲ ಎರಡು ಮೂರು ಹರಿದವು.

ಸಂಜೆ ಹೆಂಡತಿಯ ಕೈಗೆ ಒಂದು ತುಂಡು ಎಳೆ ಕೊಟ್ಟೆ. ಊರಲ್ಲಿ ನಮ್ಮ ಮನೆಯ ನೂಲು ತೆಗೆಯುತ್ತಿದ್ದವಳು ಅವಳೇ. ಗಲ್ಲಕ್ಕೆ ಒತ್ತಿ ನೋಡಿದಳು.

"ಗಂಜಿ ಹಚ್ಚೀರೇನು?"

"ಹಚ್ಚದ ನೇಯಾಕ ಬರತೈತೇನ?"

"ನಾ ನೂಲತಿದ್ದದ್ದು ಒಂಟಿ ಎಳಿ, ಅದಕ ಗಂಜಿ ಬೇಕಿತ್ತು. ಇದು ಎರಡು ಎಳಿ ಹುರಿ ಹಾಕಿದ್ದು, ಮೊದಲ ಗಟ್ಟಿ ಐತಿ, ಗಂಜಿ ಬ್ಯಾಡ. ಕೈಗೆ ತಿಳೀಲಿಲ್ಲೇನ್ರಿ?"

"ಪ್ಯಾಕಿಂಗ್ ಮಾಡಿ ಮಾಡಿ ಕೈ ಕೆಟ್ಟಾವ."

"ಕೈ ಅಲ್ಲ, ತಲಿ" ಎಂದಳು. "ನಾಳೆ ರಜಾ ಹೇಳತೀನಿ. ನಡೀರಿ, ತೊಳದು ನೋಡೂಣು."

ಮರುದಿನ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ, ಮಗ್ಗದಿಂದ ಇಳಿಸಿದ ಹಾಸನ್ನು ಅಂಟವಾಳದ ನೀರಿನಲ್ಲಿ ಮೂರು ಸಲ ಅದ್ದಿದೆವು. ತಿಕ್ಕಬ್ಯಾಡ್ರಿ, ಗಂಟಾಗತೈತಿ ಎಂದು ಅವಳು ಹತ್ತು ಸಲವಾದರೂ ಹೇಳಿರಬೇಕು. ಗೇಟಿನ ಸರಳಿನಿಂದ ಮಳೆನೀರಿನ ಪೈಪಿನವರೆಗೆ ಎಳೆದು ಕಟ್ಟಿ, ಅವಳು ಆ ಕಡೆ, ನಾನು ಈ ಕಡೆ, ಅಂಟಿದ ಎಳೆಗಳನ್ನು ಬಿಡಿಸುತ್ತ ನಡೆದೆವು. ವಾಚಮನ್ ಹತ್ತಿರ ಬಂದ.

"ಕ್ಯಾ ಚಾಚಾ, ಪತಂಗ್ ಕಾ ಮಾಂಜಾ ಬನಾ ರಹೇ ಹೋ ಕ್ಯಾ?"

"ಹೂನಪ್ಪ, ಗಾಳಿಪಟ ಹಾರಸಾಕ ನೀ ಬಾ" ಎಂದಳು ಇವಳು ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, ನಕ್ಕ.

ಮದುವೆಯಾದ ಹೊಸತರಲ್ಲಿ ಮನೆಯೊಳಗೆ ಹಿರಿಯರ ಮುಂದೆ ನಾವಿಬ್ಬರೂ ಮಾತಾಡುವ ಹಾಗಿರಲಿಲ್ಲ. ಮುಂಜಾನೆ ಓಣಿಯಲ್ಲಿ ಹಾಸು ಎಳೆದು ಗಂಜಿ ಹಚ್ಚುವಾಗ ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ, ಅದು ಕೆಲಸ. ನಾವು ಒಬ್ಬರನ್ನೊಬ್ಬರು ಅರಿತದ್ದು ಹಾಸಿನ ಆಚೆ ಈಚೆ ನಡೆದಾಡುತ್ತಲೇ. ಕಲ್ಯಾಣಕ್ಕೆ ಬಂದ ಮೇಲೆ ಮಾತಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಅವಳು ಮುಂಜಾನೆಯ ರೈಲು ಗಾಡಿ ಹಿಡಿಯುವವಳು, ನಾನು ಸಂಜೆ ನಿಂತುಕೊಂಡೇ ಬಂದು ಬೀಳುವವನು. ಆ ಗಲ್ಲಿಯಲ್ಲಿ ಅವಳು ಅವತ್ತು ತನ್ನ ತವರಿನ ಸುದ್ದಿ, ಪೋಳಿ ಕೇಂದ್ರ ನಡೆಸುವ ಹೆಂಗಸಿನ ಬೈಗುಳ, ಎಲ್ಲ ಹೇಳಿದಳು. ನಾನು ಬೇಕೆಂದೇ ನಿಧಾನ ನಡೆದೆ.

ಈ ಕೆಲಸದ ನಡುವೆಯೇ ಮೇಡಂ ಊರಿಂದ ತಿರುಗಿ ಬಂದರು. ತಪ್ಪು ನನ್ನದೆಂದು ಹೇಳಿದೆ. ಅವರು ನೂಲು ಮುಟ್ಟಿದರು.

"ಒಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ?"

"ಕೇಳೂ ಚಟ ಅವರಿಗಿಲ್ಲರಿ" ಎಂದು ನನ್ನ ಪರವಾಗಿ ಹೆಂಡತಿಯೇ ಉತ್ತರ ಕೊಟ್ಟಳು.

ಹರಿದ ಎಳೆ ತೆಗೆದು ನೇಯ್ದೆ. ಕಂಬಳಿ ಅಗಲದಲ್ಲಿ ನಾಲ್ಕು ಬೆರಳು ಕಡಿಮೆಯಾಯಿತು. ಆದರೆ ಅಷ್ಟು ಮೆತ್ತಗಿನದನ್ನು ನಾನು ಮೊದಲೂ ನೇಯ್ದಿರಲಿಲ್ಲ, ಮುಂದೂ ಇಲ್ಲ. ಗಿರಾಕಿಗೆ ಹಿಡಿಸಿತು, ಎಷ್ಟು ಹಿಡಿಸಿತೆಂದರೆ ನೂರಾರು ಬೇಕೆಂದ. ಅಷ್ಟು ಕೈಯಿಂದ ಆಗದು. ಕೆಲಸ ಮಹಾಪೆ ಎಂಬಲ್ಲಿನ ಮಶೀನ್ ಮಗ್ಗಗಳ ಕಾರ್ಖಾನೆಗೆ ಹೋಯಿತು, ನೂಲಿನ ಗುಣ ಬಲ್ಲವನೆಂದು ನನ್ನನ್ನೂ ಅಲ್ಲಿಗೇ ಕಳಿಸಿದರು. ಮೇಡಂ ಅದನ್ನು ಬಡ್ತಿ ಎಂದೇ ತಿಳಿದಿದ್ದರು. ಕೈಮಗ್ಗ ಬಿಚ್ಚಿ ಮೂಲೆಗಿಟ್ಟರು.

ಮನೆಯಲ್ಲಿ ನಾನು ಇದನ್ನು ಹೇಳಲಿಲ್ಲ.

"ಮತ್ತ ಹಾಸು ಯಾವಾಗ್ರಿ? ಮೊದಲ ಹೇಳಿದ್ರ ರಜಾ ಕೇಳಾಕ ಬರತೈತಿ" ಎನ್ನುತ್ತಿದ್ದಳು.

"ಮುಂದಿನ ತಿಂಗಳ" ಎನ್ನುತ್ತಿದ್ದೆ.

ಹೀಗೆ ಮೂರು ತಿಂಗಳು ನಡೆಯಿತು. ಒಂದು ರವಿವಾರ ಬಟ್ಟೆ ಒಗೆಯುತ್ತಿದ್ದವಳು ನನ್ನ ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದಳು:

"ಕೈಮಗ್ಗಕ್ಕ ಇಷ್ಟ ಮಶೀನಿನ ಎಣ್ಣಿ ಯಾಕ ಬೇಕರಿ?"

ನಾನು ಬಕೆಟ್ಟಿಗೆ ನೀರು ಬಿಟ್ಟೆ. ಅವಳು ಅಂಗಿಗೆ ಇನ್ನಷ್ಟು ಸಾಬೂನು ಹಚ್ಚಿದಳು. ರಜೆಯ ಮಾತನ್ನು ಆಮೇಲೆ ಎತ್ತಲಿಲ್ಲ.