ಜಪಾನಿನ ಗುಡ್ಡದ ಕೋಟೆಯಲ್ಲಿ ನಮ್ಮ ಮನೆ ಗುರುತು

1946ನೇ ಇಸವಿ. ಯುದ್ಧ ಮುಗಿದು ಜಪಾನ್ ಸೋತಿತ್ತು. ಅಲ್ಲಿ ಕಾವಲಿಗೆ ಹೋದ ಹಿಂದೂಸ್ತಾನದ ಸೈನ್ಯದ ಜೊತೆ ರಸ್ತೆ, ಮೋರಿ ಕಟ್ಟುವ ತುಕಡಿಯೊಂದು ಹೋಗಿತ್ತು. ಅದರಲ್ಲಿ ನಾನೂ ಇದ್ದೆ. ನಮ್ಮದು ಚನ್ನಗಿರಿ, ಕಲ್ಲು ಕಟ್ಟುವ ಮನೆತನ. ನಮ್ಮೂರ ಗುಡ್ಡದ ಕೋಟೆಯಲ್ಲಿ ಎಲ್ಲಿ ಗೋಡೆ ಜರಿದರೂ ಕರೆ ಬರುತ್ತಿದ್ದುದು ನಮ್ಮ ಅಬ್ಬನಿಗೆ. ಮನೆಯಲ್ಲಿ ನಾವು ಉರ್ದು ಆಡುತ್ತಿದ್ದೆವು. ಕಲ್ಲಿನ ಹತ್ತಿರ ಮಾತ್ರ ಅಬ್ಬನ ಬಾಯಲ್ಲಿ ಬರುತ್ತಿದ್ದುದು ಕನ್ನಡವೇ, ಅದೂ ಬೈಗುಳದ ಸಮೇತ.

ನಮ್ಮ ಡೇರೆಗಳ ಹಿಂದೆಯೇ ಒಂದು ಗುಡ್ಡ, ಅದರ ತಲೆಯ ಮೇಲೊಂದು ಹಳೇ ಕೋಟೆ. ಒಂದು ಭಾನುವಾರ ನಮ್ಮ ತುಕಡಿಯಲ್ಲೇ ಇದ್ದ ಸಾಸ್ವೆಹಳ್ಳಿಯ ರುದ್ರಪ್ಪನನ್ನು ಕರೆದುಕೊಂಡು ಹತ್ತಿದೆ. ಏದುಸಿರು ಬಿಡುತ್ತಾ ಮೇಲೆ ಹೋದರೆ ಅರಮನೆಯೂ ಇಲ್ಲ, ಬಾಗಿಲೂ ಇಲ್ಲ. ಬರೀ ಕಲ್ಲಿನ ಗೋಡೆ, ಹುಲ್ಲು.

"ಇದನ್ನ ನೋಡಾಕೆ ಇಷ್ಟು ದೂರ ಹತ್ತಿಸಿದೇನೋ ಮೇಸ್ತ್ರಿ? ಇಲ್ಲೇನೈತೆ?" ಅಂದ ರುದ್ರಪ್ಪ.

"ಇರೋದೆಲ್ಲಾ ಇಲ್ಲೇ ಐತೆ, ಕಣ್ಣು ಬಿಟ್ಟು ನೋಡು" ಅಂದೆ. ಗಾರೆಯಿಲ್ಲ, ಸುಣ್ಣವಿಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ. ನಮ್ಮ ಅಬ್ಬ ಕಟ್ಟಿದ ಹಾಗೆಯೇ! ಕೆಲವು ಕಲ್ಲುಗಳ ಮೇಲೆ ಉಳಿಯಿಂದ ಕೊರೆದ ಸಣ್ಣ ಗುರುತುಗಳು ಬೇರೆ. ನಮ್ಮ ಮನೆಗೂ ಅಂಥದ್ದೊಂದು ಗುರುತಿದೆ: ಎರಡು ಗೆರೆ, ಮೇಲೊಂದು ಚುಕ್ಕಿ. ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಗೋಡೆಯ ಒಂದು ಮೂಲೆ ಮಾತ್ರ ಮಳೆಗೆ ಸಡಿಲಾಗಿ ದಾರಿಯ ಕಡೆ ಉಬ್ಬಿತ್ತು. ಸೋಮವಾರ ನಮ್ಮ ಸಾಹೇಬರೂ ಅದನ್ನು ನೋಡಿದರು. "ಕೆಳಗೆ ಜನ ಓಡಾಡುತ್ತಾರೆ. ಮದ್ದು ಇಟ್ಟು ಗೋಡೆ ಉರುಳಿಸಿಬಿಡಿ" ಎಂದು ಹುಕುಂ ಮಾಡಿದರು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಸಲಾಂ ಹೊಡೆದು, "ಎರಡು ದಿನ ಕೊಡಿ ಸಾಹೇಬ್, ನಾನು ಕಟ್ಟಿ ನಿಲ್ಲಿಸುತ್ತೇನೆ. ಕೋಟೆ ಕಟ್ಟುವುದು ನಮ್ಮ ಮನೆಯ ಕೆಲಸ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎರಡೇ ದಿನ. ಆಗದಿದ್ದರೆ ಮದ್ದು" ಅಂದರು.

ಮಾರನೆಯ ಬೆಳಿಗ್ಗೆ ಎಂಟು ಜನ, ಹಾರೆ, ಹಗ್ಗ ಹೊತ್ತು ಹೋದರೆ ಆ ಗೋಡೆಯ ಮುಂದೆ ಕೆಳಗಿನ ಊರಿನ ಒಬ್ಬ ಮುದುಕ ಕುಳಿತಿದ್ದ. ಕೆಡವಲು ಬಂದೆವೆಂದುಕೊಂಡು ಎರಡೂ ಕೈ ಅಗಲಿಸಿ ಅಡ್ಡ ನಿಂತ. ಆ ಕೈ ನೋಡಿದೆ. ಅಂಗೈ ಜಡ್ಡುಗಟ್ಟಿತ್ತು, ಹೆಬ್ಬೆರಳ ಉಗುರು ಕಪ್ಪಾಗಿತ್ತು. ನನ್ನ ಕೈಯನ್ನೂ ಅವನ ಮುಂದೆ ಹಿಡಿದೆ. ಕಲ್ಲು ಕೆಲಸದವರಿಗೆ ಇನ್ನೇನು ಪರಿಚಯ ಬೇಕು? ಅಜ್ಜ ಪಕ್ಕಕ್ಕೆ ಸರಿದ.

ಸಡಿಲಾದ ಕಲ್ಲುಗಳನ್ನೆಲ್ಲ ಅವತ್ತೇ ಇಳಿಸಿದೆವು. ಸಂಜೆಯೊಳಗೆ ಸಾಹೇಬರಿಗೆ ಏನಾದರೂ ತೋರಿಸಬೇಕೆಂಬ ಹುರುಪಿನಲ್ಲಿ ಮೊದಲನೇ ಮೂಲೆಗಲ್ಲನ್ನು ಕೂರಿಸಿ, ಹೊರಗಿನಿಂದ ಚಕ್ಕೆ ಬಡಿದು, ಮುಖ ನೀಟು ಮಾಡಿದೆ. ಅಜ್ಜ ತಲೆ ಅಲ್ಲಾಡಿಸುತ್ತಲೇ ಇದ್ದ. ನಾನು ನೋಡಿಯೂ ನೋಡದಂತಿದ್ದೆ. ಹಗ್ಗ ಬಿಚ್ಚಿದ್ದೇ ತಡ, ಕಲ್ಲು ಗೇಣುದ್ದ ಮುಂದಕ್ಕೆ ವಾಲಿತು.

"ಸಾಹೇಬ್ರ ಮುಂದೆ ಕೊಚ್ಚಿಕೊಂಡಿದ್ದು ಸಾಕಾತಲ್ಲ ಮೇಸ್ತ್ರಿ. ಈಗ ಹೆಂಗೆ?" ಅಂದ ರುದ್ರಪ್ಪ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮರ್ಯಾದೆ ಹೋದರೆ ಹೋಗಲಿ, ನನ್ನ ಜಂಬದಿಂದ ಗೋಡೆಯೂ ಹೋಗುತ್ತಿತ್ತು.

ಆಗ ಅಜ್ಜ ನನ್ನ ಎದುರು ಬಂದು ತನ್ನ ಬೆನ್ನನ್ನು ತಾನೇ ಅಂಗೈಯಿಂದ ಬಡಿದುಕೊಂಡ. ಆಮೇಲೆ ಮುಖ ಮುಟ್ಟಿ ತೋರಿಸಿದ. ನನಗೆ ಮೈ ಜುಮ್ಮೆಂದಿತು. ಚನ್ನಗಿರಿ ಗುಡ್ಡದ ಮೇಲೆ ಅಬ್ಬ ಸಾವಿರ ಸಲ ಹೇಳಿ ಬೈದದ್ದು ಅದನ್ನೇ: "ಮೊದ್ಲು ಬೆನ್ನು ಭದ್ರ ಮಾಡೋ, ಮುಖ ಆಮೇಲೆ. ಗೋಡೆ ನಿಲ್ಲೋದು ಕಾಣದೇ ಇರೋ ಕಡೆಯಿಂದ."

ಮರುದಿನ ನಸುಕಿಗೇ ಹೋದೆವು. ಅಜ್ಜ ಊರಿನ ಹೆಂಗಸರನ್ನೂ ಗಂಡಸರನ್ನೂ ಕರೆತಂದಿದ್ದ. ಅವರು ಬುಟ್ಟಿಯಲ್ಲಿ ಬೆಣಚುಕಲ್ಲು ಹೊತ್ತರು, ನಾವು ಹಿಂಬದಿಗೆ ತುಂಬಿ ದಮ್ಮಸು ಮಾಡಿದೆವು. ದೊಡ್ಡ ಕಲ್ಲು ಎಳೆಯುವಾಗ ನಾವು "ಐಸಾ" ಅಂದರೆ ಅವರೂ "ಐಸಾ" ಅಂದರು. ಹಿಂದಿನ ವರ್ಷ ಶತ್ರುಗಳಾಗಿದ್ದವರು ಒಂದೇ ಹಗ್ಗ ಹಿಡಿದಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಕಲ್ಲು ಉಳಿಯಿತು.

ಅಜ್ಜ ತನ್ನ ಉಳಿ ಸುತ್ತಿಗೆ ನನ್ನ ಕೈಗಿಟ್ಟು, ಹಳೇ ಗುರುತುಗಳನ್ನು ತೋರಿಸಿ, ಆ ಕೊನೆಯ ಕಲ್ಲಿನ ಮುಖವನ್ನು ತಟ್ಟಿದ. ನಿನ್ನದನ್ನೂ ಹಾಕು ಎಂದರ್ಥ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಗುರುತು ಹಾಕುವುದು ಒಳಗೆ ಹೋಗುವ ಮಗ್ಗುಲಿಗೆ. ಗೋಡೆ ಊರಿನದು, ಮುಂದೆ ಹೆಸರು ಹಾಕಿಕೊಳ್ಳಲು ನಮಗೆ ಹಕ್ಕಿಲ್ಲ ಎಂಬುದು ಅಬ್ಬನ ಲೆಕ್ಕ. ಕಲ್ಲು ಮಗುಚಿ ಹಾಕಿ ಅದರ ಬೆನ್ನಿಗೆ ಎರಡು ಗೆರೆ, ಒಂದು ಚುಕ್ಕಿ ಕೊರೆದೆ. ಅಜ್ಜ ಆ ಗುರುತನ್ನು ಬೆರಳಿನಿಂದ ಸವರಿ, ಸೊಂಟದವರೆಗೆ ಬಾಗಿ ನನಗೆ ನಮಸ್ಕಾರ ಮಾಡಿದ. ನಾನು ಅತ್ತುಬಿಟ್ಟೆ. ಗುರುತು ಒಳಗೆ ಮರೆಯಾಗುವಂತೆ ಎಲ್ಲರೂ ಸೇರಿ ಆ ಕಲ್ಲನ್ನು ಕೂರಿಸಿದೆವು. ಸಂಜೆ ಸಾಹೇಬರು ಬಂದು ಗೋಡೆಯನ್ನು ಬೂಟಿನಿಂದ ಒದ್ದು ನೋಡಿ ಕಾಲು ನೋಯಿಸಿಕೊಂಡು ಹೋದರು. ಮದ್ದಿನ ಮಾತು ಮತ್ತೆ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲ ಹೇಳಿದೆ. ಅಬ್ಬ ಕೇಳಿದ್ದು ಒಂದೇ: "ಗುರುತು ಎಲ್ಲಿ ಹಾಕ್ದೆ?"

"ಬೆನ್ನಿಗೆ ಅಬ್ಬಾ."

"ಹೂಂ" ಅಂದು ಎದ್ದು ಹೋದರು. ಹೆಸರು ತೋರಿಸಿಕೊಳ್ಳಬಾರದು ಎಂದು ಕಲಿಸಿದ ಅದೇ ಅಬ್ಬ, ವಾರದೊಳಗೆ ಹೊನ್ನಾಳಿ, ನ್ಯಾಮತಿಯವರೆಗೂ ಸಿಕ್ಕಸಿಕ್ಕವರಿಗೆಲ್ಲ, "ಜಪಾನ್ ಕೋಟೇಲಿ ನಮ್ಮ ಮನೆ ಗುರುತೈತ್ರಿ" ಎಂದು ಡಂಗುರ ಸಾರಿದ್ದರು.

ಇಂದಿಗೂ ನೆನೆದಾಗ ಎದೆ ಉಬ್ಬುತ್ತದೆ. ಆ ಗುರುತು ಯಾರಿಗಾದರೂ ಕಾಣಬೇಕೆಂದರೆ ಆ ಗೋಡೆ ಬೀಳಬೇಕು. ನಾನು ನಮಾಜು ಮುಗಿಸಿ ಕೈ ಎತ್ತಿದಾಗ ಬೇಡಿಕೊಳ್ಳುತ್ತೇನೆ, ಅದು ಯಾರ ಕಣ್ಣಿಗೂ ಎಂದೆಂದೂ ಬೀಳದಿರಲಿ.