ಅಕ್ಕನ ಬಲಗಣ್ಣು

ನಿನ್ನ ಬಲಗಣ್ಣು ಮಂಜಾದದ್ದು ಆಪರೇಷನ್ ಆದಮೇಲೆ ನೀನು ತಲೆಗೆ ನೀರು ಹಾಕಿಕೊಂಡದ್ದರಿಂದ ಅಲ್ಲ, ಅಕ್ಕಾ. ನಾನು ಡಾಕ್ಟರಿಗೆ ಸುಳ್ಳು ಹೇಳಿದೆ — ಅದಕ್ಕೆ.

ಅವ್ವನ ಕಣ್ಣು ಹೋದದ್ದು ಮುಪ್ಪಿನಿಂದ ಎಂದೇ ನೀನು ತಿಳಿದಿದ್ದೀ. ಮೇಡ್ಲೇರಿಯಿಂದ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದವಳು ನಾನು. ಕಣ್ಣಿನ ಮುಂಭಾಗದ ಗಾಜಿನಂಥ ಪದರವೇ ಬಲಹೀನ, ಇದು ರಕ್ತದಲ್ಲಿ ಇಳಿದು ಬರುವ ರೋಗ, ಮುಂದೆ ಮಕ್ಕಳಿಗೆ ಪೊರೆ ತೆಗೆಸುವಾಗ ಮೊದಲೇ ತಿಳಿಸಿ ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಮದುವೆಗೆ ಬೆಳೆದ ನನ್ನ ಮಗಳು ಸವಿತಾ ಇದ್ದಳು.

ಆಮೇಲೆ ನಿನ್ನ ಬಲಗಣ್ಣಿನ ಪೊರೆ ತೆಗೆಸುವ ಸರದಿ ಬಂತು. ಹಾವೇರಿಯ ಆಸ್ಪತ್ರೆಯಲ್ಲಿ ನಿನ್ನನ್ನು ಪರೀಕ್ಷಿಸಿ, ಕಣ್ಣಿಗೆ ಹನಿ ಹಾಕಿ ಒಳಗೆ ಕೂರಿಸಿದ್ದರು. ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ಕೇಳಿದರು: "ಮುಂದಿನ ಪದರ ನಾಜೂಕ ಕಾಣತೈತ್ರಿ. ನಿಮ್ಮ ಮನೆತನದಾಗ ಯಾರಿಗರೆ ಹಿಂಗ ಕಣ್ಣು ಮಂಜಾಗಿದ್ವೇನು?"

ನನ್ನ ಪಕ್ಕದಲ್ಲಿ ಕುಪ್ಪೇಲೂರಿನ ಶಾಂತಕ್ಕ ಕುಳಿತಿದ್ದಳು. ನಮ್ಮ ಸವಿತಾಳನ್ನು ಮಗನಿಗೆ ತಂದುಕೊಳ್ಳುವ ಮಾತಾಡಿ, ನಿನ್ನನ್ನೂ ಕಂಡುಹೋಗಲು ಬಂದಿದ್ದಳು.

"ಇಲ್ರಿ, ನಮ್ಮ ಪೈಕಿ ಯಾರಿಗೂ ಇಲ್ಲ" ಅಂದೆ.

ತಡವರಿಸಲೂ ಇಲ್ಲ. ಶಾಂತಕ್ಕ ಚಹಾ ಕುಡಿಯಲು ಎದ್ದು ಹೋದಳು, ಡಾಕ್ಟರಮ್ಮ ಇನ್ನೂ ಅಲ್ಲೇ ಇದ್ದರು. ಆಗಲಾದರೂ — ನಾನು ಕುಳಿತೇ ಇದ್ದೆ.

ಪೊರೆ ಹೋಯಿತು, ಮಂಜು ಉಳಿಯಿತು. ಮುಂದಿನ ಪದರ ನೀರು ತುಂಬಿ ಬಾತಿದೆ, ದಾನದ ಕಣ್ಣಿನಿಂದ ಬೇರೆ ಪದರ ತಂದು ಕೂರಿಸದೆ ಸರಿಹೋಗದು ಎಂದರು ಡಾಕ್ಟರಮ್ಮ. ಮೊದಲೇ ಗೊತ್ತಿದ್ದರೆ ಆಪರೇಷನ್ನಿಗೆ ಅವಸರ ಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆವು ಎಂದೂ ಅಂದರು — ಅದು ನನ್ನೊಬ್ಬಳ ಕಿವಿಗೆ ಬಿತ್ತು. ನೀನು ಅಗಡಿಯ ನಿನ್ನ ಮನೆಯಲ್ಲಿ ಗೋಡೆಗೆ ಒರಗಿ, "ನಂದ ತಪ್ಪು ತಂಗೀ. ಬ್ಯಾಡಂದ್ರೂ ಲಗೂ ತಲಿ ಮ್ಯಾಲ ನೀರ ಹಾಕ್ಕೊಂಡೆ" ಅಂದೆ.

ನಾನು ಹೂಂ ಅಂದೆ. ಸುಳ್ಳಿಗಿಂತ ಆ ಹೂಂ ದೊಡ್ಡ ಪಾಪ, ಅಕ್ಕಾ.

ಸವಿತಾಳ ಮದುವೆಯ ಹೊತ್ತಿಗೆ ನಿನ್ನ ಎಡಗಣ್ಣೂ ಮಸುಕಾಗಿತ್ತು; ನೀನು ಅವಳ ತಲೆ ಎಲ್ಲಿದೆಯೆಂದು ಕೈಯಾಡಿಸಿ ಹುಡುಕಿ ಅಕ್ಷತೆ ಹಾಕಿದೆ. ನಾನು ಬಂದವರನ್ನು ಊಟಕ್ಕೆ ಎಬ್ಬಿಸುವ ನೆಪದಲ್ಲಿ ಆಚೆ ಹೋದೆ. ಅಂದಿನಿಂದ ಹೀಗೇ — ಏನಾದರೊಂದು ನೆಪ. ಸಾಕಾಗಿದೆ.

ಈಗ ನಿನ್ನ ಎಡಗಣ್ಣಿನ ಪೊರೆಯೂ ಬಲಿತಿದೆ, ತೆಗೆಸಬೇಕು. ಈ ಸಲ ತಲೆ ತೊಳೆಯುವುದಿಲ್ಲ, ನೀ ಚಿಂತೆ ಮಾಡಬೇಡ ಎಂದು ಫೋನಿನಲ್ಲಿ ನನಗೇ ಧೈರ್ಯ ಹೇಳುತ್ತೀ.

ನಾಳೆ ಬ್ಯಾಡಗಿಯಿಂದ ಮೊದಲ ಬಸ್ಸಿಗೆ ಬರುತ್ತೇನೆ. ಮೊದಲು ನಿನಗೆ, ಆಮೇಲೆ ಡಾಕ್ಟರಮ್ಮನಿಗೆ. ಅಲ್ಲಿಂದ ಕುಪ್ಪೇಲೂರಿಗೆ — ಸವಿತಾಳ ಕಣ್ಣನ್ನೂ ತೋರಿಸಬೇಕು, ಅವಳ ಅತ್ತೆ ಶಾಂತಕ್ಕನ ಎದುರಿಗೇ ಯಾಕೆಂದು ಹೇಳಬೇಕು. ನೀನು ಏನು ಅನ್ನುತ್ತೀಯೋ, ಮುಖ ತಿರುಗಿಸುತ್ತೀಯೋ... ಹೇಳುತ್ತೇನೆ.